ಹಳೇ ಉಕುಲೆಲೆಗೆ ಎಷ್ಟು ಕೊಟ್ರೆ ನ್ಯಾಯ? ಅನುಭವ ಇದ್ದವರು ಹೇಳಿ

ಕೇಳಿದವರು, ನ್ಯೂಜೆರ್ಸಿಯಿಂದ:
ಉಕುಲೆಲೆ (ನಾಲ್ಕು ತಂತಿಯ, ಪುಟ್ಟ ಗಿಟಾರ್ ಥರದ ವಾದ್ಯ) ಕಲಿಯೋಕೆ ಶುರು ಮಾಡಿ ಇನ್ನೂ ವರ್ಷ ತುಂಬಿಲ್ಲ. ಈಗಿರೋದು ಹೊಸದು, ಲ್ಯಾಮಿನೇಟ್ (ತೆಳು ಪದರ ಅಂಟಿಸಿದ ಮರದ) ಸೊಪ್ರಾನೊ, ಅಂದ್ರೆ ಚಿಕ್ಕ ಅಳತೆಯದು. ಪೆನ್ಸಿಲ್ವೇನಿಯಾ ಕಡೆ ಹೋದಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಮಾರ್ಟಿನ್ ಕಂಪನಿಯ ಸ್ಟೈಲ್ 0 ಅನ್ನೋ ಹಳೇ ಉಕುಲೆಲೆ ಕಣ್ಣಿಗೆ ಬಿತ್ತು. ಚೀಟಿಯಲ್ಲಿ "1918, ತುಂಬಾ ಅಪರೂಪ, 850 ಡಾಲರ್" ಅಂತಿದೆ. ಮುಂದಿನ ಹಲಗೆಯಲ್ಲಿ ಬೆರಳುದ್ದದ ಬಿರುಕು. ಬಿರಡೆ ಇರೋ ತಲೆಯ ಮುಂಭಾಗದಲ್ಲಿ ಚಿನ್ನದ ಬಣ್ಣದ ಮಾರ್ಟಿನ್ ಲೋಗೋ. ನುಡಿಸಿ ನೋಡಿದೆ, ದನಿ ಚೆನ್ನಾಗೇ ಇತ್ತು. ಆದ್ರೆ ಬೆಲೆ ಸರಿಯೋ ತಪ್ಪೋ ಹೇಗೆ ಗೊತ್ತು ಮಾಡ್ಕೊಳ್ಳೋದು?

ಬೋಸ್ಟನ್‌ನಿಂದ ಒಬ್ಬರು:
ಆ ಚೀಟೀನ ನಂಬಬೇಡಿ. ಮಾರ್ಟಿನ್‌ನವರು ಉಕುಲೆಲೆ ಮಾರೋಕೆ ಶುರು ಮಾಡಿದ್ದು 1916ರ ಹೊತ್ತಿಗೆ ನಿಜ, ಆದ್ರೆ ಸ್ಟೈಲ್ 0 ಬಂದಿದ್ದೇ 1922ರಲ್ಲಿ. ಮುಂಭಾಗದ ಚಿನ್ನದ ಲೋಗೋ ಇನ್ನೂ ಈಚಿನದು, 1930ರ ದಶಕದ ಆರಂಭದಿಂದ. ಅದಕ್ಕಿಂತ ಹಳೇವಕ್ಕೆ ತಲೆಯ ಹಿಂದೆ ಮರಕ್ಕೇ ಒತ್ತಿದ ಮುದ್ರೆ ಇರುತ್ತೆ. ಗಿಟಾರ್‌ಗೆ ಹಾಕಿದ ಹಾಗೆ ಉಕುಲೆಲೆಗೆ ಅವರು ಸೀರಿಯಲ್ ನಂಬರ್ ಹಾಕ್ತಿರಲಿಲ್ಲ, ಹಾಗಾಗಿ ವಯಸ್ಸು ಹೇಳೋಕೆ ಇಂಥ ಗುರುತುಗಳೇ ಗತಿ. ಅಂಗಡಿಯವರು ಸುಳ್ಳು ಹೇಳ್ತಿದಾರೆ ಅಂತಲ್ಲ, ಬಹಳ ಸಲ ಅವರಿಗೂ ಗೊತ್ತಿರಲ್ಲ.

ಇನ್ನು "ಅಪರೂಪ" ಅನ್ನೋದು. 1926ನೇ ಇಸವಿ ಒಂದರಲ್ಲೇ ಮಾರ್ಟಿನ್ 14 ಸಾವಿರಕ್ಕೂ ಹೆಚ್ಚು ಉಕುಲೆಲೆ ಮಾಡಿತ್ತು. ಸ್ಟೈಲ್ 0 ಅವುಗಳಲ್ಲಿ ಎಲ್ಲಕ್ಕಿಂತ ಸಾದಾ, ಅಂಚುಪಟ್ಟಿ ಇಲ್ಲದ ಮಹಾಗನಿ. ಸ್ಟೈಲ್ 1ಕ್ಕೆ ಕಪ್ಪು ಮರದ ಅಂಚು, 2ಕ್ಕೆ ಬಿಳಿ ಅಂಚು, 3ಕ್ಕೆ ಹಲವು ಪದರದ ಗೆರೆ ಮತ್ತು ಬೆರಳು ಒತ್ತೋ ಉದ್ದದ ಫಿಂಗರ್‌ಬೋರ್ಡ್, 5ಕೆ ಅನ್ನೋದಕ್ಕೆ ಸುತ್ತಲೂ ಕಪ್ಪೆಚಿಪ್ಪಿನ ಮಿನುಗು. ಹೆಸರಿನ ಜೊತೆ "ಕೆ" ಇದ್ರೆ ಅದು ಹವಾಯಿಯ ಕೋಆ ಮರ. ಬೆಲೆ ಏರೋದು ಈ ಮೆಟ್ಟಿಲಲ್ಲಿ, ವಯಸ್ಸಿಗೆ ತಕ್ಕ ಹಾಗಲ್ಲ. 1920ರ ದಶಕದ ಸ್ಟೈಲ್ 0ಗೂ 1950ರ ದಶಕದ ಸ್ಟೈಲ್ 0ಗೂ ನುಡಿಸೋರ ಲೆಕ್ಕದಲ್ಲಿ ಅಂಥಾ ಅಂತರ ಇಲ್ಲ.

ರೇಟು ನೋಡೋಕೆ ರಿವರ್ಬ್, ಇಬೇ ಅನ್ನೋ ಆನ್‌ಲೈನ್ ಮಾರಾಟ ತಾಣಗಳೆರಡರಲ್ಲೂ ಮಾರಾಟ ಆದವನ್ನ ಮಾತ್ರ ತೋರಿಸೋ ಫಿಲ್ಟರ್ ಇದೆ. ಅದನ್ನ ಹಾಕದೆ ನೋಡಿದ್ರೆ ನಿಮಗೆ ಕಾಣೋದು ಮಾರಾಟವಾಗದೆ ಕೂತಿರೋ ವಾದ್ಯಗಳ ಆಸೆಯ ಬೆಲೆ. ನುಡಿಸೋ ಸ್ಥಿತಿಯಲ್ಲಿರೋ ಸ್ಟೈಲ್ 0 ಈಚೆಗೆ ನಾನು ನೋಡಿದ ಹಾಗೆ ಹೆಚ್ಚಾಗಿ 400ರಿಂದ 600 ಡಾಲರ್ ಒಳಗೆ ಹೋಗಿದೆ. ಅದರಿಂದ ರಿಪೇರಿ ಖರ್ಚು ಕಳೀರಿ. ಬಿರುಕನ್ನ ಅಂಟು ಹಾಕಿ ಒಳಗಿಂದ ಪಟ್ಟಿ ಕೊಡೋಕೆ ನಮ್ಮೂರಲ್ಲಿ ಸುಮಾರು 100 ಡಾಲರ್ ಕೇಳ್ತಾರೆ. ಬಿರುಕು ಕಂಡು ಹೆದರಬೇಡಿ, ಸರಿಯಾಗಿ ಅಂಟಿಸಿದ್ರೆ ಗಟ್ಟಿ ನಿಲ್ಲುತ್ತೆ. ನನಗೆ ಹೆದರಿಕೆ ಬರೋದು ಯಾರೋ ಹಳೇ ಪಾಲಿಷ್ ಕೆರೆದು ಹೊಳೆಯೋ ವಾರ್ನಿಷ್ ಬಳಿದಿದ್ರೆ. ನೋಡೋಕೆ ಹೊಸದರಂತೆ ಚಂದ, ದನಿಯೂ ಮಂಕು, ಬೆಲೆಯೂ ಅರ್ಧ.

ಫ್ರೀಮಾಂಟ್‌ನಿಂದ:
ಮೇಲಿನವರು ಹೇಳಿದ್ದು ಮಾರ್ಟಿನ್‌ಗೆ ಸರಿ. ನನ್ನ ಮಾತೇನಂದ್ರೆ, ಕಲಿಯೋರಿಗೆ ಮಾರ್ಟಿನ್ನೇ ಯಾಕ್ರೀ? ಷಿಕಾಗೋದ ಹಾರ್ಮನಿ ಕಂಪನಿಯ ಮಹಾಗನಿ ಸೊಪ್ರಾನೊಗಳು 100 ಡಾಲರ್ ಆಸುಪಾಸಿಗೇ ಸಿಗ್ತವೆ. ಅದಕ್ಕೆ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ಉಜ್ಜಿಸಿ, ಹೊಸ ತಂತಿ ಹಾಕಿಸಿದ್ರೆ ಇನ್ನಷ್ಟು ಖರ್ಚು, ಆದ್ರೂ ನಿಮ್ಮ ಮಾರ್ಟಿನ್‌ಗಿಂತ ಎಷ್ಟೋ ಕಮ್ಮಿ. ಮಕ್ಕಾಫೆರ್ರಿ ಮಾಡಿದ ಪ್ಲಾಸ್ಟಿಕ್ ಉಕುಲೆಲೆ ಐಲ್ಯಾಂಡರ್ 1949ರಿಂದ ಲಕ್ಷಗಟ್ಟಲೆ ಮಾರಾಟ ಆಗಿತ್ತು. ಅದಕ್ಕೆ ಯಾರಾದ್ರೂ 200 ಕೇಳಿದ್ರೆ ನಕ್ಕು ಬನ್ನಿ. ತೆಂಗಿನ ಮರ, ಹುಲ್ಲಿನ ಲಂಗದ ಹುಡುಗಿ ಚಿತ್ರ ಬಿಡಿಸಿದವನ್ನ ಗೋಡೆಗೆ ಬೇಕಾದ್ರೆ ತಗೊಳ್ಳಿ.

ಕಮಾಕ ನೋಡಿದ್ರೆ ಮಾತ್ರ ನಿಲ್ಲಿ. 1916ರಿಂದ ಹೊನೊಲುಲುವಿನಲ್ಲಿ ಅದೇ ಕುಟುಂಬ ಮಾಡ್ತಾ ಬಂದಿದೆ, ಅನಾನಸ್ ಆಕಾರದ ಉಕುಲೆಲೆ ಅವರದೇ ಕಲ್ಪನೆ. ಅವುಗಳಿಗೆ ಬೆಲೆ ಬೇರೆ. ಕೋಆ ಮರದ ಅಲೆಅಲೆ ಗೆರೆ ಜಾಸ್ತಿ ಇದ್ದಷ್ಟೂ ಸಂಗ್ರಹಕಾರರು ದುಡ್ಡು ಸುರೀತಾರೆ, ಕಣ್ಣು ಮುಚ್ಚಿ ಕೇಳೋರಿಗೆ ಆ ಗೆರೆಯಿಂದ ಏನೂ ಸಿಗಲ್ಲ.

ಬೆಂಗಳೂರಿನಿಂದ, ವೀಣೆ ನುಡಿಸೋರು:
ಮರದ ಬಿರಡೆ ಇದ್ರೆ ತಿರುಗಿಸಿ ನೋಡಿ. ಜಾರ್ತಿದ್ರೆ ಸೀಮೆಸುಣ್ಣ ಹಚ್ಚಿದ್ರೆ ಸಾಕು, ಅದಕ್ಕೆ ಬೆಲೆ ಇಳಿಸೋಕೆ ಹೋಗಬೇಡಿ. ಆದ್ರೆ ಯಾರಾದ್ರೂ ಸ್ಟೀಲ್ ತಂತಿ ಹಾಕಿದ್ರಾ ಅಂತ ಕೇಳಿ. ಗಟ್ (ಪ್ರಾಣಿಯ ಕರುಳಿನ ತಂತಿ), ನೈಲಾನ್ ತಡೆಯೋಕೆ ಮಾಡಿದ ತೆಳು ಹಲಗೆ, ಸ್ಟೀಲಿನ ಎಳೆತಕ್ಕೆ, ತಂತಿ ಕಟ್ಟೋ ಬ್ರಿಡ್ಜ್ ಹಿಂದೆ ಉಬ್ಬಿಬಿಡುತ್ತೆ.

ಮುಂದೆ ಊರಿಗೆ ತರೋ ಯೋಚನೆ ಇದ್ರೆ ಇನ್ನೊಂದು. ಮಾರ್ಟಿನ್‌ನವರು 1969ರ ತನಕ ಬಳಸ್ತಿದ್ದದ್ದು ಬ್ರೆಜಿಲಿನ ರೋಸ್‌ವುಡ್, ಅದು 1992ರಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಸ್ಟೈಲ್ 0ರ ಫಿಂಗರ್‌ಬೋರ್ಡೂ ರೋಸ್‌ವುಡ್ಡೇ. ಗಡಿ ದಾಟಿಸೋ ಮುಂಚೆ ಕಾಗದಪತ್ರ ವಿಚಾರಿಸಿ. ತಮಾಷೆ ಅಂದ್ರೆ ಆಮೇಲೆ ಅವರು ಹಿಡಿದಿದ್ದು ಇಂಡಿಯನ್ ರೋಸ್‌ವುಡ್, ಅಂದ್ರೆ ನಮ್ಮ ಪಶ್ಚಿಮ ಘಟ್ಟದ ಬೀಟೆ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಹೋಗಿ ನೋಡಿದೆ. ಹಿಂದೆ ಮುದ್ರೆ ಇಲ್ಲ. ಮೊಬೈಲ್ ಲೈಟ್ ಒಳಗೆ ಬಿಟ್ಟೆ, ಒಳಪಟ್ಟಿಗಳು ಸರಿ ಇದ್ದ ಹಾಗಿವೆ, ಬೆರಳಲ್ಲಿ ತಟ್ಟಿದ್ರೆ ಗರಗರ ಸದ್ದಿಲ್ಲ. ಬ್ರಿಡ್ಜ್ ಅಂಚಿಗೆ ಕಾಗದ ತೂರಲಿಲ್ಲ. ಆದ್ರೆ 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 4 ಮಿಲಿಮೀಟರ್ ಬಂತು. ಅಲ್ಲಿ ಒತ್ತಿ ನುಡಿಸಿದ್ರೆ ಟ್ಯೂನರ್‌ನಲ್ಲಿ ಸ್ವರ ಸ್ವಲ್ಪ ಏರುತ್ತೆ.

ಬೋಸ್ಟನ್‌ನವರು:
4 ಜಾಸ್ತಿ ಆಯ್ತು, ಎರಡೂವರೆಯಿಂದ ಮೂರು ಇರಬೇಕು. ಒತ್ತುವಾಗ ತಂತಿ ಅಷ್ಟು ದೂರ ಎಳೆಸಿಕೊಳ್ಳೋದ್ರಿಂದಲೇ ಸ್ವರ ಏರ್ತಿರೋದು. ಬ್ರಿಡ್ಜ್ ಮೇಲೆ ತಗ್ಗಿಸೋಕೆ ಜಾಗ ಇದ್ರೆ ಸಣ್ಣ ಕೆಲಸ. ಇಲ್ಲಾಂದ್ರೆ ಕುತ್ತಿಗೆ ಬಿಚ್ಚಿ ಕೂರಿಸಬೇಕು, 200 ದಾಟುತ್ತೆ. ಆ ಅಂಗಡಿಯವರು ಒಪ್ಪಿದ್ರೆ ರಿಪೇರಿಯವರಿಗೆ ಒಮ್ಮೆ ತೋರಿಸಿ. ಒಪ್ಪಲಿಲ್ಲ ಅಂದ್ರೆ ದೊಡ್ಡ ಖರ್ಚೇ ಇದೆ ಅಂತಿಟ್ಕೊಳ್ಳಿ: ನುಡಿಸೋ ಸ್ಥಿತಿಯದಕ್ಕೆ 550 ಅಂತ ಹಿಡಿದು, ಅದರಲ್ಲಿ ಬಿರುಕಿಗೆ 100, ಕುತ್ತಿಗೆಗೆ 200 ಕಳೆದ್ರೆ ಉಳಿಯೋದು 250. ಅಲ್ಲಿಂದ ಮಾತು ಶುರು ಮಾಡಿ, 350 ದಾಟಿದ್ರೆ ಬಿಟ್ಟು ಬನ್ನಿ. ಸ್ಟೈಲ್ 0 ಇನ್ನೊಂದು ಸಿಕ್ಕೇ ಸಿಗುತ್ತೆ.