ಸಂಜೆಯಾದ್ರ ಮುತ್ಯಾಗ ರಜಾಕಾರರ ಅಂಜಿಕಿ: ಇದು ವಯಸ್ಸಿಂದಾ, ರೋಗದ್ದಾ?

ಪ್ರಶ್ನೆ (ಆಶಾ ಕಾರ್ಯಕರ್ತೆ, ಬಸವಕಲ್ಯಾಣ ತಾಲೂಕು): ನಮಸ್ಕಾರ್ರಿ ಡಾಕ್ಟ್ರೇ. ನಮ್ಮ ಏರಿಯಾದಾಗ ಎಂಬತ್ತು ದಾಟಿದ ಮುತ್ಯಾ ಒಬ್ಬರದಾರ. 1948ರಾಗ ಹೈದರಾಬಾದ್ ನಿಜಾಮನ ಪರ ಇದ್ದ ಹತಾರದ ಪಡಿ ರಜಾಕಾರರಿಗೆ ಅಂಜಿ ಮನಿಮಂದಿ ಸಂಗಟ ಸೊಲ್ಲಾಪುರದ ಕಡೆ ಓಡಿ ಹೋಗಿ, ಆಮ್ಯಾಲ ತಿರುಗಿ ಬಂದವರು. ವರ್ಷದಿಂದ ಕೇಳಿದ್ದನ್ನೇ ಕೇಳ್ತಾರ. ಸಂಜಿ ಆತಂದ್ರ "ಬಾಗಿಲ ಹಾಕ್ರಿ, ಬಂದ್ರು" ಅಂತ ಎದ್ದು ನಿಲ್ತಾರ. ಮನಿಯವರು "ಅರಳು ಮರಳು, ಕಷ್ಟ ಭಾಳ ಕಂಡಾರ, ಅದಕ್ಕ ಹಿಂಗ" ಅಂತ ದವಾಖಾನಿಗೆ ಕರಕೊಂಡು ಹೋಗವಲ್ರು.

ಉತ್ತರ (ಮನೋವೈದ್ಯರು, ಬೀದರ್): ಮನೆಯವರ ಮಾತನ್ನು ಒಮ್ಮೆಲೇ ತಳ್ಳಿಹಾಕಬೇಡ್ರಿ. ಊರು, ದೇಶ ಬಿಟ್ಟು ಓಡಿದ ಹಿರಿಯರು ಎಲ್ಲಿಯವರೇ ಇರಲಿ, ಮರೆವಿಗೆ ವಯಸ್ಸನ್ನೋ ಉಂಡ ದುಃಖವನ್ನೋ ಕಾರಣ ಮಾಡುವುದು ಸಾಮಾನ್ಯ. ದುಃಖದ ಮಾತು ಪೂರ್ತಿ ಸುಳ್ಳೂ ಅಲ್ಲ. ಹಳೆಯ ಆಘಾತದಿಂದ ಮನಸ್ಸು ಚೇತರಿಸಿಕೊಳ್ಳದವರಿಗೆ ಮುಂದೆ ಡಿಮೆನ್ಷಿಯಾ (ಮರೆವಿನ ರೋಗ) ಬರುವ ಸಾಧ್ಯತೆ ಹೆಚ್ಚು ಎಂದು ಅಧ್ಯಯನಗಳು ಕಂಡುಕೊಂಡಿವೆ. ಆದರೆ ಮುಪ್ಪಿಗೆ ಇದು ಕಡ್ಡಾಯವಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಸುಮಾರು ಶೇ 7.4.

ಈ ರೋಗದಲ್ಲಿ ಹೊಸ ನೆನಪು ಮೊದಲು ಅಳಿಯುತ್ತದೆ, ಬಾಲ್ಯದ್ದು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಮುತ್ಯಾಗೆ 1948 ಇವತ್ತಿನದೇ ಆಗಿಬಿಡುತ್ತದೆ.

"ತಲೆ ತೋರಿಸೋಣ" ಅಂದರೆ ಯಾರೂ ಬರುವುದಿಲ್ಲ. "ಬಿಪಿ, ಶುಗರ್, ರಕ್ತ ನೋಡಿಸೋಣ" ಅನ್ರಿ. ಅದು ಸುಳ್ಳಲ್ಲ, ಅದೇ ಮೊದಲು ಬೇಕಾದದ್ದು. ಬ್ರಿಮ್ಸ್‌ಗೆ (ಬೀದರ್‌ನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಹೋದಾಗ ಬಿ12, ಥೈರಾಯ್ಡ್, ಸೋಡಿಯಂ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಕೇಳ್ರಿ. ಬಿ12 ಪ್ರಮಾಣ 200 pg/mLಗಿಂತ ಕೆಳಗಿದ್ದರೆ ಇಂಜೆಕ್ಷನ್‌ನಿಂದ ಸುಧಾರಣೆ ಸಾಧ್ಯ. ಕೆಲವು ತಿಂಗಳಲ್ಲಿ ಜಾರಿ ಬಿದ್ದಿದ್ದರೆ ತಪ್ಪದೇ ಹೇಳ್ರಿ: ತಲೆಯೊಳಗೆ ನಿಧಾನವಾಗಿ ರಕ್ತ ಸೇರಿರಬಹುದು, ಸಿಟಿ ಸ್ಕ್ಯಾನ್ ಬೇಕು. ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗ್ರಿ. ನಿದ್ದೆ ಮಾತ್ರೆ, ನೆಗಡಿ ಮಾತ್ರೆ ಕೂಡ ಮರೆವು ಹೆಚ್ಚಿಸುತ್ತವೆ. ಎರಡು ಮೂರು ದಿನದಲ್ಲೇ ದಿಢೀರ್ ಗೊಂದಲ ಶುರುವಾದರೆ ಸೋಂಕಿರಬಹುದು, ಅದೇ ದಿನ ಕರೆದೊಯ್ಯಬೇಕು.

ಪ್ರಶ್ನೆ (ನರ್ಸ್, ಆಳಂದ): ಸರ್, ಓದು ಬರದವರಿಗೆ ಮರೆವು ಅಳಿಯೋ 30 ಅಂಕದ ಎಂಎಂಎಸ್‌ಇ ಪರೀಕ್ಷೆ ಮಾಡಿದ್ರ ಎಲ್ಲರೂ ಫೇಲೇ ಆಗ್ತಾರಲ್ರಿ?

ಉತ್ತರ: ಖರೇ ಮಾತು. 1975ರಲ್ಲಿ ಬಂದ ಆ ಪರೀಕ್ಷೆ ವಾಕ್ಯ ಬರೆಸುತ್ತದೆ, ಚಿತ್ರ ನಕಲು ಮಾಡಿಸುತ್ತದೆ, 100ರಿಂದ 7 ಕಳೆಯುತ್ತ ಹೋಗಲು ಹೇಳುತ್ತದೆ. ಶಾಲೆ ಕಾಣದವರ ಅಂಕ ರೋಗವಿಲ್ಲದೆಯೂ ಇಳಿಯುತ್ತದೆ. ಇದಕ್ಕೆಂದೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಹಿಂದಿಯಲ್ಲಿ ಬೇರೆ ಪರೀಕ್ಷೆ ರೂಪಿಸಿದರು. ನಾವು ಮಾತಿಗೆ ಮಾತು ಸೇರಿಸಿ ತಿಳಿಯಬೇಕು: ಎಳ್ಳ ಅಮಾಸಿ ಆತಾ? ತೊಗರಿ ರಾಶಿ ಮುಗೀತಾ? ನೂರು ರೂಪಾಯಿ ಕೊಟ್ಟು 35ರ ಬೆಲ್ಲ ತಂದ್ರ ಎಷ್ಟು ಉಳೀತು? ಇದಕ್ಕೆ ಅಂಕ ಹಾಕಬೇಡ್ರಿ, ಮುಂದೆ ತೋರಿಸಬೇಕಾ ಅಂತ ತಿಳಿಯಲಷ್ಟೇ. ಇದಕ್ಕಿಂತ ತೂಕದ್ದು ಮನೆಯವರ ಮಾತು: ಎರಡು ವರ್ಷದ ಹಿಂದೆ ಒಬ್ಬರೇ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ? ರೊಕ್ಕದ ಲೆಕ್ಕ, ಹೊಲದ ದಾರಿ, ಪೂಜೆ ಅಥವಾ ನಮಾಜಿನ ಕ್ರಮ.

ಮೊದಲು ಕಿವಿ ನೋಡ್ರಿ. ಕೇಳಿಸದ್ದಕ್ಕೆ ಉತ್ತರ ಬರುವುದಿಲ್ಲ. ಮರಾಠಿ, ದಖನಿ, ತೆಲುಗು ಮನೆಮಾತಿನವರನ್ನು ಅದರಲ್ಲೇ ಕೇಳ್ರಿ, ಕಲಿತ ಭಾಷೆ ಎಷ್ಟೋ ಸಲ ಮೊದಲು ಕೈಬಿಡುತ್ತದೆ. ಊರು ಬಿಟ್ಟು ಓಡಿದವರಿಗೆ "ಎಲ್ಲಿಯವರು, ಯಾವಾಗ ಬಂದ್ರಿ" ಅನ್ನುವುದು ವಿಚಾರಣೆಯಂತೆ ಕೇಳಿಸುತ್ತದೆ. ಕಾಗದ, ಪೆನ್ನು ಹಿಡಿದು ಅಲ್ಲಿಂದಲೇ ಶುರು ಮಾಡಬೇಡ್ರಿ. ಗಾಬರಿಯಲ್ಲಿ ಗೊತ್ತಿದ್ದದ್ದೂ ಬಾಯಿಗೆ ಬಾರದು.

ಪ್ರಶ್ನೆ (ಸದಸ್ಯರು, ಬೀದರ್): ಪೊಲೀಸ್ ಆಕ್ಷನ್ (1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ್ದು) ಆದ ಮೇಲೆ ಜೀವಭಯಕ್ಕೆ ಊರು ಬಿಟ್ಟ ಮುಸ್ಲಿಂ ಮನೆತನದ ಹಿರಿಯರಿಗೂ ಇದೇ ಮಾತೇ?

ಉತ್ತರ: ಅಕ್ಷರಶಃ ಇದೇ. ಅಂಜಿಕೆಗೆ ಜಾತಿ ಧರ್ಮ ಇಲ್ಲ, ಆರೈಕೆಯೂ ಒಂದೇ.

ಪ್ರಶ್ನೆ (ಆಶಾ ಕಾರ್ಯಕರ್ತೆ): ಸಂಜಿ ಹೊತ್ತಿಗೆ ಏನ್ ಮಾಡಬೇಕ್ರಿ? ನಿದ್ದಿ ಗುಳಿಗಿ ಕೊಡಬಹುದಾ?

ಉತ್ತರ: "ಈಗ ಯಾರೂ ಬರಂಗಿಲ್ಲ, ಅದು ಹಳೇದು" ಅಂತ ವಾದಿಸಿದರೆ ಭಯ ಇಮ್ಮಡಿಸುತ್ತದೆ. ಚಿಲಕ ಹಾಕಿ ತೋರಿಸಿ "ಹಾಕೀವಿ ಮುತ್ಯಾ, ನಾವೆಲ್ಲ ಒಳಗೇ ಅದೀವಿ" ಅಂದು ಕೈ ಹಿಡಿದು ಕೂಡ್ರಿಸ್ರಿ. ಕತ್ತಲಾಗುವ ಮೊದಲೇ ದೀಪ ಹಚ್ಚಬೇಕು, ನೆರಳುಗಳೇ ಮನುಷ್ಯರಂತೆ ಕಾಣುತ್ತವೆ. ಕೂಗಾಡುವ ಟಿವಿ ಸುದ್ದಿ ಬಂದ್ ಮಾಡ್ರಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು, ಮೂರರ ಮೇಲೆ ಚಹಾ ಬೇಡ. ಹಸಿವು, ಮೂತ್ರ, ಮಲಬದ್ಧತೆ ಕೂಡ ಚಡಪಡಿಸುವಂತೆ ಮಾಡುತ್ತವೆ, ಅವನ್ನು ಮೊದಲು ನೋಡ್ರಿ. ಒಬ್ಬರನ್ನೇ ಒಳಗೆ ಹಾಕಿ ಕೀಲಿ ಹಾಕಬೇಡ್ರಿ. ಬಾಗಿಲಿಗೆ ಗಂಟೆ ಕಟ್ಟಿ, ಅಂಗಿ ಒಳಜೇಬಿನಲ್ಲಿ ಮನೆಯ ಫೋನ್ ನಂಬರ್ ಹೊಲಿದಿಡ್ರಿ.

ಮೆಡಿಕಲ್ ಶಾಪಿನ ನಿದ್ದೆ ಗುಳಿಗೆ ಬೇಡವೇ ಬೇಡ: ಬೀಳುತ್ತಾರೆ, ಗೊಂದಲವೂ ಹೆಚ್ಚುತ್ತದೆ. ಅಲ್ಝೈಮರ್ (ಡಿಮೆನ್ಷಿಯಾದ ಒಂದು ಬಗೆ) ಅಂತ ಖಚಿತವಾದರೆ ವೈದ್ಯರು ಡೊನೆಪೆಝಿಲ್ ಗುಳಿಗೆ ದಿನಕ್ಕೆ 5 ಮಿ.ಗ್ರಾಂ ಶುರು ಮಾಡಿ, 4ರಿಂದ 6 ವಾರದ ಮೇಲೆ 10ಕ್ಕೆ ಏರಿಸಬಹುದು. ರೋಗ ಹೋಗುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ದಿನಚರಿ ಹಗುರಾಗುತ್ತದೆ. ಆಗ ವಾಂತಿ, ಭೇದಿ ಆದರೆ ಅಥವಾ ನಾಡಿ ನಿಧಾನವಾದರೆ ಕೂಡಲೇ ವೈದ್ಯರಿಗೆ ಹೇಳ್ರಿ.