ಗುಂಡಿ ಪಕ್ಕ ಒಂದು ಕೊಂಬೆ ನೆಟ್ಟರೆ ಸಾಕಾ?

ಸ್ಕೂಟರ್ ಸವಾರ: ನಿನ್ನೆ ರಾತ್ರಿ ಹತ್ತೂವರೆಗೆ ಸರ್ವಿಸ್ ರೋಡ್‌ನಲ್ಲಿ ಬರುತ್ತಿದ್ದೆ. ತಿರುವು ದಾಟಿದ ತಕ್ಷಣ ಎದುರಿಗೇ ಗುಂಡಿ, ಅದರೊಳಗೆ ಎರಡು ತಲೆ. ಕರೆಂಟ್ ಕೇಬಲ್ ಜಾಯಿಂಟ್ ಮಾಡುತ್ತಿದ್ದರಂತೆ. ಎಚ್ಚರಿಕೆಗೆ ಅಂತ ಇದ್ದದ್ದು ಒಂದು ಹೊಂಗೆ ಕೊಂಬೆ, ನಾಲ್ಕು ಕಲ್ಲು. ಬ್ರೇಕ್ ಹಿಡಿದೆ, ಗಾಡಿ ಮಣ್ಣಿನ ಮೇಲೆ ಜಾರಿ ಗುಂಡಿಗೆ ಒಂದು ಮಾರು ಇರುವಾಗ ನಿಂತಿತು. ಬೈಯೋಣ ಅಂದರೆ ಒಳಗಿದ್ದ ಹುಡುಗನ ಮುಖ ನನಗಿಂತ ಜಾಸ್ತಿ ಬಿಳಿಚಿಕೊಂಡಿತ್ತು. ಇದಕ್ಕೆಲ್ಲ ನಿಯಮ ಅಂತ ಏನಾದರೂ ಇದೆಯಾ?

ಸೈಟ್ ಇಂಜಿನಿಯರ್: ಇದೆ ಸರ್. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಅಂತ ಪುಸ್ತಕವೇ ಇದೆ, 2014ರಲ್ಲಿ ಪರಿಷ್ಕರಿಸಿದ್ದಾರೆ. ಗಾಡಿಗಳು ಗಂಟೆಗೆ 50 ಕಿ.ಮೀ. ಒಳಗೆ ಓಡುವ ರಸ್ತೆಯಲ್ಲೂ ಸುಮಾರು 100 ಮೀಟರ್ ಮುಂಚೆಯೇ ಬೋರ್ಡ್ ಬೇಕು. ಆಮೇಲೆ ಕೋನ್‌ಗಳನ್ನು ಓರೆಯಾಗಿ ಜೋಡಿಸಿ ಗಾಡಿಗಳನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಬೇಕು. ಕೋನ್ ಸಾಲು ಮುಗಿದ ಮೇಲೂ ಒಂದಿಷ್ಟು ಖಾಲಿ ಜಾಗ ಬಿಡಬೇಕು, ಅಲ್ಲಿ ಸಾಮಾನೂ ಇಡಬಾರದು, ಆಳೂ ನಿಲ್ಲಬಾರದು, ಬ್ರೇಕ್ ತಪ್ಪಿ ನುಗ್ಗಿದವನಿಗೆ ಅಂತಲೇ ಆ ಜಾಗ. 40ರಲ್ಲಿ ಬಂದರೂ ಸೆಕೆಂಡಿಗೆ 11 ಮೀಟರ್ ಹೋಗುತ್ತೀರಿ. ಗುಂಡಿ ಪಕ್ಕದ ಕೊಂಬೆ ಕಣ್ಣಿಗೆ ಬೀಳುವ ಹೊತ್ತಿಗೆ ಗುಂಡಿಯೇ ಬಂದಿರುತ್ತದೆ.

ಕೇಬಲ್ ಕೆಲಸದವ: ಪುಸ್ತಕ ಸರಿ ಗುರು, ಕೋನ್ ಕೊಡುವವರು ಯಾರು? ಕೇಳಿದರೆ ನಾಳೆ ಅಂತಾರೆ. ನಾವು ಬಂದ ಟೆಂಪೋವನ್ನೇ ಗಾಡಿಗಳು ಬರುವ ದಿಕ್ಕಿಗೆ, ಗುಂಡಿಯಿಂದ ದೂರದಲ್ಲಿ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕುತ್ತೇವೆ, ಮುಂದಿನ ಚಕ್ರ ಗುಂಡಿ ಕಡೆಗಲ್ಲ, ಫುಟ್‌ಪಾತ್ ಕಡೆಗೆ ತಿರುಗಿರಬೇಕು, ಯಾರಾದರೂ ಹಿಂದಿನಿಂದ ಗುದ್ದಿದರೆ ನಮ್ಮ ಮೇಲೇ ಬರುತ್ತಲ್ಲ. ಒಬ್ಬನಿಗೆ ಟಾರ್ಚ್ ಕೊಟ್ಟು ಮೇಲೆ ನಿಲ್ಲಿಸುತ್ತೇವೆ. ಒಳಗೆ ಕೂತವನಿಗೆ ಏನೂ ಕಾಣಲ್ಲ, ಇವನು ಕೂಗಿದರೆ ಉಂಟು. ತೆಗೆದ ಮಣ್ಣನ್ನೂ ಅಂಚಿಗೇ ಸುರಿಯಬಾರದು, ಭಾರಕ್ಕೆ ಅಂಚು ಕುಸಿಯುತ್ತದೆ. ಕೆಲಸ ಮುಗಿದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗುವುದು ಮಾತ್ರ ನಮ್ಮವರದ್ದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೂರನೇ ಕ್ರಾಸ್ ನಿವಾಸಿ: ಕಾವಲಿಲ್ಲದ ಗುಂಡಿಯಲ್ಲಿ ಕೇಬಲ್ ಕಂಡರೆ ಬಗ್ಗಿ ನೋಡಲು ಹೋಗಬೇಡಿ. ದೂರ ನಿಂತು ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಇನ್ನೊಂದು ವಿಷಯ, ಲೈನ್ ಕೆಲಸ ನಡೆಯುವಾಗ ಮನೆ ಜನರೇಟರನ್ನು ಪ್ಲಗ್ ಪಾಯಿಂಟಿಗೆ ಸಿಕ್ಕಿಸುವ ಜಾಣರಿದ್ದಾರೆ, ಮನೆಯನ್ನು ಲೈನಿನಿಂದ ಬಿಡಿಸಿ ಜನರೇಟರಿಗೆ ಬದಲಿಸುವ ಚೇಂಜೋವರ್ ಸ್ವಿಚ್ ಇಲ್ಲದಿದ್ದರೆ ಆ ಕರೆಂಟ್ ವಾಪಸ್ ಲೈನಿಗೆ ಹೋಗಿ ಕೆಲಸ ಮಾಡುತ್ತಿರುವವನಿಗೆ ಹೊಡೆಯಬಹುದು.

ಸ್ಕೂಟರ್ ಸವಾರ: ಬೆಳಿಗ್ಗೆ ಹೋಗಿ ನೋಡಿದೆ. ಗುಂಡಿ ಮುಚ್ಚಿದ್ದಾರೆ. ಕಲ್ಲು ನಾಲ್ಕೂ ರಸ್ತೆಯಲ್ಲೇ ಇದ್ದವು, ಬದಿಗೆ ಎತ್ತಿಟ್ಟು ಬಂದೆ.