ವೃದ್ಧಾಶ್ರಮದಲ್ಲೇ ಕೊನೆಯುಸಿರೆಳೆಯಬೇಕೆನ್ನುವವರಿಗೆ ಏನೇನು ಸಿದ್ಧತೆ ಬೇಕು?

ಪ್ರಶ್ನೆ (ಮೈಸೂರು)

ಎಂಬತ್ತೆಂಟು ವರ್ಷದ ನಮ್ಮ ತಾಯಿ ನಾಲ್ಕು ವರ್ಷಗಳಿಂದ ಇಲ್ಲಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಈಗ ಅವರ ಊಟ ನಾಲ್ಕು ಚಮಚ ಗಂಜಿಗೆ ಇಳಿದಿದೆ. ಕಳೆದ ತಿಂಗಳು ಪಕ್ಕದ ಮಂಚದ ಅಜ್ಜಿಗೆ ಉಸಿರು ಏರುಪೇರಾದಾಗ ನಡುರಾತ್ರಿ ಆಸ್ಪತ್ರೆಗೆ ಸಾಗಿಸಿದರು. ಅವರು ಐಸಿಯುವಿನಲ್ಲಿ ಮಕ್ಕಳ ಮುಖ ಕಾಣದೆಯೇ ತೀರಿಕೊಂಡರು. ಅದನ್ನು ಕಂಡ ಅಮ್ಮ, "ನನ್ನನ್ನು ಎಲ್ಲಿಗೂ ಹೊತ್ತುಕೊಂಡು ಹೋಗಬೇಡಿ" ಎನ್ನುತ್ತಿದ್ದಾರೆ. ಇಲ್ಲೇ ತೀರಿಕೊಂಡರೆ ಪ್ರಮಾಣಪತ್ರ ಯಾರು ಕೊಡುತ್ತಾರೆ ಎಂಬುದು ಆಶ್ರಮದವರ ಅಳುಕು. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ನಿವೃತ್ತ ವೈದ್ಯ, ಮೈಸೂರು)

ಅಳುಕಿಗೆ ಮದ್ದು ಸರಳವಾಗಿದೆ: ತಾಯಿಯವರನ್ನು ನಿಯಮಿತವಾಗಿ ನೋಡುವ ಒಬ್ಬ ವೈದ್ಯರು ಈಗಿನಿಂದಲೇ ಇರಬೇಕು. ಆಸ್ಪತ್ರೆಯ ಹೊರಗೆ ಸಹಜವಾಗಿ ಸಂಭವಿಸಿದ ಸಾವಿಗೆ ಕಾರಣವನ್ನು ಅವರೇ ನಮೂನೆ 4ಎಯಲ್ಲಿ ಬರೆದುಕೊಡಬಹುದು. ಸಾವಿನ ನೋಂದಣಿಗೆ 21 ದಿನಗಳ ಅವಕಾಶವಿದೆ.

ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಲಿವಿಂಗ್ ವಿಲ್ ಎಂಬ ಪತ್ರವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ವಿಧಾನವನ್ನು ಸಡಿಲಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ವೆಂಟಿಲೇಟರಿನಂಥ ಚಿಕಿತ್ಸೆ ಬೇಡವೆನ್ನುವುದನ್ನೂ, ತಮಗೆ ಹೇಳಲಾಗದಾಗ ತಮ್ಮ ಪರವಾಗಿ ಯಾರು ನಿರ್ಧರಿಸಬೇಕೆಂಬುದನ್ನೂ ಅದರಲ್ಲಿ ಬರೆಯಬಹುದು. ಆದರೆ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಇದಾಗಬೇಕಾದ್ದರಿಂದ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ.

ಉತ್ತರ 2 (ಶುಶ್ರೂಷಕಿ, ಮಂಡ್ಯ)

ಕಾಗದಪತ್ರ ಸರಿಯಿದ್ದರೂ ಎಡವಟ್ಟಾಗುವುದು ರಾತ್ರಿ ಪಾಳಿಯಲ್ಲಿ. ಒಬ್ಬಳೇ ಇರುವ ಆಯಾ, ಗಂಟಲಲ್ಲಿ ಗೊರಗೊರ ಸದ್ದು ಕೇಳಿ ಹೆದರಿ ಆಂಬುಲೆನ್ಸಿಗೆ ಫೋನ್ ಮಾಡುತ್ತಾಳೆ. ಅದು ಅವಳ ತಪ್ಪಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಸದ್ದು ಬಂದಾಗ ರೋಗಿಯನ್ನು ಪಕ್ಕಕ್ಕೆ ಹೊರಳಿಸಿದರೆ ಬಹುಮಟ್ಟಿಗೆ ತಗ್ಗುತ್ತದೆ. ಅರಿವು ಮಸುಕಾದವರ ಬಾಯಿಗೆ ಬಂಧುಗಳು ಭಕ್ತಿಯಿಂದ ತೀರ್ಥ ಹುಯ್ಯುವುದುಂಟು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಹತ್ತಿಯನ್ನು ಅದೇ ತೀರ್ಥದಲ್ಲಿ ಅದ್ದಿ ತುಟಿ ತೇವ ಮಾಡಿದರೆ ಸಾಕು. ನೋವಿಗೂ ಏದುಸಿರಿಗೂ ವೈದ್ಯರು ಮಾರ್ಫಿನ್ ಬರೆದರೆ, ಅದರ ಜೊತೆಗೇ ಮಲಬದ್ಧತೆಯ ಔಷಧವನ್ನೂ ಕೇಳಿ ಪಡೆಯಿರಿ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆ ಉಪಶಾಮಕ ಆರೈಕೆ (ನೋವು, ಸಂಕಟ ತಗ್ಗಿಸುವ ಆರೈಕೆ) ನೀಡುತ್ತದೆ, ಅವರನ್ನು ವಿಚಾರಿಸಿ.

ಉತ್ತರ 3 (ಮೈಸೂರು)

ಒಂದು ಎಚ್ಚರಿಕೆ: ಬಿದ್ದು ಸೊಂಟದ ಮೂಳೆ ಮುರಿದರೆ ಆಸ್ಪತ್ರೆ ಬೇಕೇ ಬೇಕು. "ಎಲ್ಲಿಗೂ ಬೇಡ" ಎಂಬ ಮಾತನ್ನು ಅಲ್ಲಿಗೂ ಎಳೆದರೆ ಅದು ನಿರ್ಲಕ್ಷ್ಯವಾಗುತ್ತದೆ.

ಕೇಳಿದವರು

ಎಲ್ಲರಿಗೂ ವಂದನೆಗಳು. ಆಶ್ರಮಕ್ಕೆ ಬರುವ ವೈದ್ಯರೊಡನೆ ಭಾನುವಾರ ಮಾತನಾಡುತ್ತೇನೆ. ರಾತ್ರಿ ಪಾಳಿಯ ಆಯಾಳನ್ನೂ ಜೊತೆಗೆ ಕೂರಿಸಿಕೊಳ್ಳುತ್ತೇನೆ.